ಕಾರ್ಟ್ ಅಲೈನ್‌ಮೆಂಟ್: ಮೊದಲು ಡ್ರೈವರ್‌ನ ಕೂರಿಸಿ

ರೇಸಿಂಗ್ ಕಾರ್ಟ್‌ನ ಮುಂದಿನ ಚಕ್ರಗಳನ್ನು ಹೊಂದಿಸುವಾಗ ಒಂದೇ ತಪ್ಪನ್ನು ಪಿಟ್‌ನಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಖಾಲಿ ಕಾರ್ಟ್‌ಗೆ ಟೇಪ್ ಹಿಡಿಯುತ್ತಾರೆ, ನಟ್ ಬಿಗಿಯುತ್ತಾರೆ, ಕೈ ಒರೆಸಿಕೊಂಡು ಎದ್ದುಬಿಡುತ್ತಾರೆ. ಹುಡುಗ ಎರಡು ಸುತ್ತು ಹೊಡೆದು ಬಂದು, ‘ಅಂಕಲ್, ಒಂದು ಕಡೆ ಎಳೀತಿದೆ’ ಅಂತಾನೆ. ಎಳೆಯದೆ ಏನು ಮಾಡುತ್ತೆ?

ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ. ಚಾಸಿಯ ಪೈಪೇ ಸ್ಪ್ರಿಂಗ್. 60 ಕೆ.ಜಿ. ಮನುಷ್ಯ ಸೀಟಿನಲ್ಲಿ ಕೂತರೆ ಪೈಪ್ ಬಾಗುತ್ತದೆ, ಚಕ್ರದ ಕೋನ ಬದಲಾಗುತ್ತದೆ. ಹಾಗಾಗಿ ಖಾಲಿ ಕಾರ್ಟ್‌ನ ಅಳತೆಯನ್ನು ನಂಬಬೇಡಿ. ಓಡಿಸುವವರೇ ಹೆಲ್ಮೆಟ್ ಹಾಕಿ ಕೂರಲಿ. ಆಗದಿದ್ದರೆ ಅಷ್ಟೇ ತೂಕದ ಮರಳಿನ ಚೀಲ ಸೀಟಿಗೆ ಬರಲಿ.

ಹಂತ 1: ಮಟ್ಟವಾದ ನೆಲ, ಎರಡೂ ಕಡೆ ಒಂದೇ ಟೈರ್ ಪ್ರೆಷರ್.

ಹಂತ 2: ಮುಂದಿನ ಚಕ್ರವನ್ನು ಎರಡೂ ಬದಿಯಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಟೈ ರಾಡ್‌ನ (ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ತುದಿಯ ಬಾಲ್ ಜಾಯಿಂಟೋ ಬೇರಿಂಗೋ ಸವೆದಿದೆ. ಅದನ್ನು ಬದಲಾಯಿಸದೆ ಮುಂದೆ ಹೋಗಬೇಡಿ, ಇವತ್ತಿನ ಅಳತೆ ನಾಳೆ ಉಳಿಯುವುದಿಲ್ಲ. ಟೈ ರಾಡ್ ಬಿಚ್ಚಿ ಗಾಜಿನ ಮೇಲೆ ಉರುಳಿಸಿ ನೋಡಿ. ಟ್ರ್ಯಾಕ್ ಅಂಚಿನ ಕರ್ಬ್ ಮೇಲೆ ಹತ್ತಿ ಇಳಿದ ಅಲ್ಯೂಮಿನಿಯಂ ರಾಡ್ ಕಣ್ಣಿಗೆ ನೇರ ಕಂಡರೂ ಗಾಜಿನ ಮೇಲೆ ಕುಣಿಯುತ್ತದೆ. ಬಾಗಿದ್ದನ್ನು ಸುತ್ತಿಗೆಯಿಂದ ನೇರ ಮಾಡುವ ಕೆಲಸ ಬೇಡವೇ ಬೇಡ.

ಹಂತ 3: ಕ್ಯಾಂಬರ್ ಮತ್ತು ಕ್ಯಾಸ್ಟರ್. ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಯಾವ ಪಿನ್ ಸುತ್ತ ತಿರುಗುತ್ತದೋ ಅದು ಕಿಂಗ್‌ಪಿನ್, ಅದು ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ಕಿಂಗ್‌ಪಿನ್‌ನ ಮೇಲೆ ಕೆಳಗೆ ಇರುವ ಎಕ್ಸೆಂಟ್ರಿಕ್ ಬುಷ್‌ಗಳನ್ನು (ತೂತು ನಡುವಿನಿಂದ ಸರಿದಿರುವ ಬಳೆಗಳು) ತಿರುಗಿಸಿದರೆ ಇವು ಬದಲಾಗುತ್ತವೆ. ಹೊಸಬರು ಎರಡೂ ಕಡೆ ನಡುವಿನ ಗುರುತಿಗೆ ಇಟ್ಟು ಬಿಡಿ. ಮುಟ್ಟಲೇಬೇಕಿದ್ದರೆ ಈಗಲೇ ಮುಟ್ಟಿ, ಏಕೆಂದರೆ ಇವುಗಳನ್ನು ಅಲುಗಿಸಿದರೆ ಟೋ ಕೂಡ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು, ಅಲುಗುತ್ತದೆ. ಟೋ ಯಾವತ್ತೂ ಕೊನೆಗೆ.

ಹಂತ 4: ಇಲ್ಲಿಂದ ನಿಧಾನ. ಎರಡೂ ಟೈ ರಾಡ್‌ಗಳನ್ನು ಬೋಲ್ಟ್‌ನಿಂದ ಬೋಲ್ಟ್‌ಗೆ ಅಳೆದು ಒಂದೇ ಉದ್ದ ಮಾಡಿ. ಸ್ಟೇರಿಂಗ್ ಅನ್ನು ನೇರ ನಿಲ್ಲಿಸಿ, ಅಲುಗದ ಹಾಗೆ ಕ್ಲಾಂಪ್ ಹಾಕಿ. ಡ್ರೈವರ್ ಕೈಯಲ್ಲಿ ಹಿಡಿದರೆ ಸಾಲದು. ಮಾತಾಡುತ್ತಾ ಬೆರಳಷ್ಟು ತಿರುಗಿಸಿರುತ್ತಾರೆ, ಗೊತ್ತೇ ಆಗುವುದಿಲ್ಲ. ಡ್ರೈವರ್ ಕೂತ ಮೇಲೆ ಕಾರ್ಟ್ ಅನ್ನು ಒಂದು ಮೀಟರ್ ಮುಂದೆ ತಳ್ಳಿ. ಆಗ ಟೈರ್ ನೆಲಕ್ಕೆ ಸರಿಯಾಗಿ ಕೂರುತ್ತದೆ.

ಇನ್ನು ಅಳತೆ. ಎರಡು ನೇರವಾದ ಅಲ್ಯೂಮಿನಿಯಂ ಪಟ್ಟಿಗಳನ್ನು ಚಕ್ರಗಳ ಹೊರಬದಿಗೆ ಒತ್ತಿ ನಿಲ್ಲಿಸಿ. ಟೈರಿನ ಉಬ್ಬು ಅಕ್ಷರಗಳ ಮೇಲೆ ಪಟ್ಟಿ ಕೂರಬಾರದು, ಅಷ್ಟಕ್ಕೇ ಅರ್ಧ ಮಿಲಿಮೀಟರ್ ತಪ್ಪಬಹುದು. ಚಾಸಿಯ ಕೆಳಗಿನಿಂದ ಟೇಪ್ ಹಾಯಿಸಿ, ಪಟ್ಟಿಗಳ ಮುಂದಿನ ತುದಿಗಳ ನಡುವಿನ ದೂರ ಅಳೆಯಿರಿ. ಆಮೇಲೆ ಹಿಂದಿನ ತುದಿಗಳದ್ದು. ಮುಂದಿನದು ಜಾಸ್ತಿ ಇದ್ದರೆ ಟೋ ಔಟ್, ಕಡಿಮೆ ಇದ್ದರೆ ಟೋ ಇನ್. ಪಟ್ಟಿಯ ಉದ್ದವನ್ನೂ ಬರೆದಿಡಿ. ಕಾರ್ಟ್‌ನ ಮುಂದಿನ ಟೈರ್ ಸುಮಾರು 25 ಸೆಂ.ಮೀ. ವ್ಯಾಸ ಇರುತ್ತದೆ. 40 ಸೆಂ.ಮೀ. ಪಟ್ಟಿಯಲ್ಲಿ 3 ಮಿ.ಮೀ. ಬಂದರೆ ಟೈರ್ ಲೆಕ್ಕದಲ್ಲಿ ಅದು 2 ಮಿ.ಮೀ. ಹತ್ತಿರ. ಗೆಳೆಯನ ಸೆಟ್ಟಿಂಗ್ ಕೇಳಿ ಬಂದವರು ಎಡವುವುದು ಇಲ್ಲೇ. ರಿಮ್ ಸೊಟ್ಟ ಇರಬಹುದು, ಚಕ್ರವನ್ನು ಅರ್ಧ ಸುತ್ತು ಉರುಳಿಸಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಿರಿ.

ಒಣ ಟ್ರ್ಯಾಕ್‌ಗೆ ಒಟ್ಟು 2 ಮಿ.ಮೀ. ಟೋ ಔಟ್‌ನಿಂದ ಶುರು ಮಾಡಿ. ಮಳೆಗೆ ಇನ್ನೂ ಜಾಸ್ತಿ ಬೇಕು. ಟೋ ಇನ್ ಕಡೆಗೆ ಹೋಗಲೇಬೇಡಿ, ನೇರ ದಾರಿಯಲ್ಲಿ ಕಾರ್ಟ್ ತಡಬಡಾಯಿಸುತ್ತದೆ. ಟೋ ಔಟ್ ಅತಿಯಾದರೆ ಟೈರಿನ ಒಳ ಅಂಚು ತಿಂದುಹೋಗುತ್ತದೆ, ವೇಗವೂ ಹೋಗುತ್ತದೆ.

ರಾಡ್‌ನ ಒಂದು ತುದಿಯಲ್ಲಿ ಬಲ ಥ್ರೆಡ್, ಇನ್ನೊಂದರಲ್ಲಿ ಎಡ ಥ್ರೆಡ್. ಥ್ರೆಡ್‌ನ ಪಿಚ್ 1.25 ಮಿ.ಮೀ. ಆದರೆ ಪೂರ್ತಿ ಒಂದು ಸುತ್ತಿಗೆ ರಾಡ್ 2.5 ಮಿ.ಮೀ. ಉದ್ದವೋ ಗಿಡ್ಡವೋ ಆಗುತ್ತದೆ, ಟೈರ್ ಹತ್ತಿರ ಅದು ಇನ್ನೂ ದೊಡ್ಡದಾಗುತ್ತದೆ. ಆದ್ದರಿಂದ ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಗೆ ಬೇಡ. ಎಡಗಡೆ ಎಷ್ಟೋ ಬಲಗಡೆಯೂ ಅಷ್ಟೇ. ಒಂದೇ ಕಡೆ ತಿರುಗಿಸಿ ಅಳತೆ ಸರಿ ಮಾಡಿದರೆ ಸ್ಟೇರಿಂಗ್ ಸೊಟ್ಟ ಆಗುತ್ತದೆ.

ಕೆಲಸ ಕೆಡುವುದು ಲಾಕ್ ನಟ್ ಬಿಗಿಯುವಾಗ. ನಟ್ ತಿರುಗುತ್ತಾ ರಾಡ್ ಅನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಒಂದು ಸ್ಪ್ಯಾನರ್‌ನಲ್ಲಿ ರಾಡ್ ಹಿಡಿದುಕೊಳ್ಳಿ, ಇನ್ನೊಂದರಲ್ಲಿ ನಟ್ ಬಿಗಿಯಿರಿ. ರಾಡ್‌ನ ಮೇಲೆ ಮಾರ್ಕರ್‌ನಿಂದ ಒಂದು ಗೀಟು ಎಳೆದಿಟ್ಟರೆ ಅಲುಗಿದ್ದು ತಕ್ಷಣ ಕಾಣುತ್ತದೆ. ಬಿಗಿದ ಮೇಲೆ ರಾಡ್ ಅನ್ನು ಬೆರಳಲ್ಲಿ ಹಿಂದೆ ಮುಂದೆ ಹೊರಳಿಸಿ. ಸ್ವಲ್ಪ ಆಡಬೇಕು. ಆಡದಿದ್ದರೆ ಎರಡೂ ತುದಿಯ ಬಾಲ್ ಜಾಯಿಂಟ್‌ಗಳು ಒಂದಕ್ಕೊಂದು ಎದುರು ಬದುರಾಗಿ ಕಚ್ಚಿಕೊಂಡಿವೆ, ಸಡಿಲಿಸಿ ಮತ್ತೆ ಬಿಗಿಯಿರಿ. ಕ್ಲಾಂಪ್ ತೆಗೆದು ಸ್ಟೇರಿಂಗ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ನೇರಕ್ಕೆ ತಂದು ಕ್ಲಾಂಪ್ ಹಾಕಿ, ಮತ್ತೆ ಅಳೆಯಿರಿ. ಈ ಕೊನೆಯ ಅಳತೆಯೇ ನಿಜವಾದ ಅಳತೆ.

ಲೇಸರ್ ಸೆಟ್ ಇದ್ದರೆ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಅಗ್ಗದ್ದು ಬೇಡ. ಅಂಥದ್ದೊಂದನ್ನು ಕೊಂಡು ಒಂದು ಇಡೀ ದಿನ ಕಳೆದುಕೊಂಡಿದ್ದೇನೆ. ಕೊಳ್ಳುವ ಮುಂಚೆ ಮುಂದಿನ ಚಕ್ರ ಕೂರುವ ಸ್ಟಬ್ ಆಕ್ಸಲ್‌ಗೆ ಹಾಕಿ ನಿಧಾನಕ್ಕೆ ಸುತ್ತಿಸಿ ನೋಡಿ. ಕೆಂಪು ಚುಕ್ಕೆ ಒಂದೇ ಜಾಗದಲ್ಲಿ ನಿಲ್ಲಬೇಕು. ಗೋಡೆಯ ಮೇಲೆ ವೃತ್ತ ಬರೆದರೆ ವಾಪಸ್ ಕೊಟ್ಟುಬಿಡಿ. ದಾರ ಕಟ್ಟಿ ಅಳೆಯುವುದು ಇನ್ನೊಂದು ಅಡ್ಡದಾರಿ. ದಾರ ಟೈರಿನ ಉಬ್ಬಿಗೆ ತಾಗಿ ಬಾಗುತ್ತದೆ, ನನಗೆ ನಂಬಿಕೆ ಇಲ್ಲ.

ಐದಾರು ಸುತ್ತು ಓಡಿಸಿ ಬಂದ ಕೂಡಲೇ, ಟೈರ್ ಬಿಸಿ ಇರುವಾಗಲೇ ಬೆರಳಾಡಿಸಿ. ಒಳ ಅಂಚು ಮಾತ್ರ ಸುಕ್ಕು ಸುಕ್ಕಾಗಿ ಕಿತ್ತು ಬಂದಿದ್ದರೆ ಟೋ ಔಟ್ ಅರ್ಧ ಮಿಲಿಮೀಟರ್ ಇಳಿಸಿ. ಬೆಂಗಳೂರಿನ ಕಾರ್ಟೋಪಿಯಾ ಟ್ರ್ಯಾಕ್‌ನಲ್ಲಿ ಸರಿಹೋದ ಸೆಟ್ಟಿಂಗ್ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕ್‌ನಲ್ಲಿ ಹಾಗೇ ನಡೆಯುತ್ತದೆ ಅಂದುಕೊಳ್ಳಬೇಡಿ. ಡ್ರೈವರ್ ತೂಕ, ಟೈರ್ ಪ್ರೆಷರ್, ಟೋ, ಪಟ್ಟಿಯ ಉದ್ದ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಟೂಲ್ ಬಾಕ್ಸ್‌ನ ಮುಚ್ಚಳದ ಒಳಗೆ ಅಂಟಿಸಿ.