ಗೀಸರ್ ಪ್ಲಗ್ ಕಪ್ಪಾಗುತ್ತಿತ್ತು: ಸರಿಪಡಿಸಿದ್ದು ಹೀಗೆ

ಲಕ್ಷಣ: ಗೀಸರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಸುಟ್ಟ ಪ್ಲಾಸ್ಟಿಕ್ ವಾಸನೆ, ಸಾಕೆಟ್‌ನ ಬಲಗಡೆಯ ತೂತಿನ ಸುತ್ತ ಕಂದು ಕಲೆ.

ಕಾರಣ ಸರಳ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಅದನ್ನು ಕನ್ವರ್ಟರ್ (ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್‌ಗೆ ಹೊಂದಿಸುವ ಅಡಾಪ್ಟರ್) ಹಾಕಿ 6 ಆಂಪ್ ಸಾಕೆಟ್‌ಗೆ ಸಿಕ್ಕಿಸಲಾಗಿತ್ತು. ನಮ್ಮ 6 ಆಂಪ್ ಪ್ಲಗ್‌ನ ಫೇಸ್, ನ್ಯೂಟ್ರಲ್ ಪಿನ್‌ಗಳು ಸುಮಾರು 5 ಮಿ.ಮೀ. ದಪ್ಪ, 16 ಆಂಪ್‌ನವು 7 ಮಿ.ಮೀ. ಈ ವ್ಯತ್ಯಾಸ ಇರುವುದೇ ತಪ್ಪು ಜಾಗಕ್ಕೆ ಹಾಕದಿರಲಿ ಅಂತ. ಕನ್ವರ್ಟರ್ ಆ ಕಾವಲನ್ನೇ ತೆಗೆದುಹಾಕುತ್ತದೆ.

ಸಾಕೆಟ್ ಮಾತ್ರ ಬದಲಿಸಿದರೆ ಸಾಲದು. ಅದರ ಹಿಂದೆ ಇದ್ದದ್ದು ತೆಳುವಾದ 1 ಚದರ ಮಿ.ಮೀ. ವೈರ್. ಹಾಗಾಗಿ ಮೇನ್ ಆಫ್ ಮಾಡಿ, ಟೆಸ್ಟರ್‌ನಿಂದ ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಡಿಬಿಯಿಂದ (ಮನೆಯ ಕರೆಂಟ್ ಹಂಚುವ ಪೆಟ್ಟಿಗೆ) 4 ಚದರ ಮಿ.ಮೀ. ತಾಮ್ರದ ವೈರ್ ಬೇರೆಯಾಗಿ ಎಳೆದು, 16 ಆಂಪ್ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಕೊಟ್ಟು, 16 ಆಂಪ್ ಸಾಕೆಟ್ ಮತ್ತು ಸ್ವಿಚ್ ಹಾಕಿದೆ. ಸ್ವಿಚ್ ಮರೆಯಬೇಡಿ, ಅದೂ 16 ಆಂಪ್ ಆಗಿರಬೇಕು. ಎರಡೂ ಪ್ಲಗ್ ಹಿಡಿಯುವ 6/16 ಸಾಕೆಟ್ ಅನುಕೂಲವೇನೋ ಹೌದು, ಆದರೆ ಗೀಸರ್‌ಗೆ ಬರೀ 16ರದ್ದೇ ನನ್ನ ಆಯ್ಕೆ.

ಎದುರಿನಿಂದ ನೋಡಿದಾಗ ಮೇಲೆ ಅರ್ತ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಸ್ಕ್ರೂ ಬಿಗಿ ಮಾಡಿದ ಮೇಲೆ ಒಂದೊಂದು ವೈರನ್ನೂ ಎಳೆದು ನೋಡಿ. ಸಡಿಲ ಸ್ಕ್ರೂ ಹೊಸ ಸಾಕೆಟ್ಟನ್ನೂ ಸುಡುತ್ತದೆ. ಸುಟ್ಟ ಪ್ಲಗ್ ಉಜ್ಜಿ ಬಳಸಬೇಡಿ, ಹೊಸದು ಹಾಕಿ.

ಮೇನ್ ಆನ್ ಮಾಡಿದ ಮೇಲೆ ಮಲ್ಟಿಮೀಟರ್‌ನಲ್ಲಿ ಫೇಸ್-ನ್ಯೂಟ್ರಲ್ ಮತ್ತು ಫೇಸ್-ಅರ್ತ್ ಎರಡೂ 230 ವೋಲ್ಟ್‌ನ ಆಸುಪಾಸು ತೋರಿಸಬೇಕು. ಫೇಸ್-ಅರ್ತ್ ತೀರಾ ಕಡಿಮೆ ಬಂದರೆ ಅರ್ತ್ ಕಡಿದಿದೆ. ಎಲೆಕ್ಟ್ರಿಷಿಯನ್ ನೋಡುವ ತನಕ ಗೀಸರ್ ಹಚ್ಚಬೇಡಿ.