ಹಳೆ ಡೆಸ್ಕ್‌ಟಾಪಿಗೆ ಹೊಸ ಪ್ರೊಸೆಸರ್: ಕೆಲಸ ಕೆಡುವುದು ನಾಲ್ಕು ಕಾಲುಗಳಲ್ಲಿ

ಎಪಿಎಂಸಿ ಅಡತಿ ಅಂಗಡಿಯ ಟ್ಯಾಲಿ ಮಷಿನ್, ಡಿಟಿಪಿ ಸೆಂಟರ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಬೆಳಗಾವಿಯಿಂದ ವಿಜಯಪುರದವರೆಗೆ ಇಂಥ ಕಡೆ ಎಚ್61 ಮದರ್‌ಬೋರ್ಡಿನ (ಇಂಟೆಲ್‌ನ 2 ಮತ್ತು 3ನೇ ಜನರೇಷನ್ ಪ್ರೊಸೆಸರ್ ಕೂರುವಂಥದ್ದು) ಕಂಪ್ಯೂಟರುಗಳು ಇನ್ನೂ ದುಡಿಯುತ್ತಿವೆ. ಒಳಗೆ ಪೆಂಟಿಯಮ್ ಇಲ್ಲವೇ ಐ3 ಇರುತ್ತದೆ. ಅದನ್ನು ತೆಗೆದು ನಾಲ್ಕು ಕೋರಿನ ಐ5 ಕೂರಿಸಿದರೆ ಬೋರ್ಡು, ರ‍್ಯಾಮ್ ಬದಲಿಸದೆಯೇ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಆದರೆ ವಿಂಡೋಸ್ ಇನ್ನೂ ಹಳೆ ಹಾರ್ಡ್ ಡಿಸ್ಕಿನಲ್ಲೇ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ. ಅವೆರಡೂ ಆಗದೆ ಪ್ರೊಸೆಸರಿಗೆ ದುಡ್ಡು ಸುರಿಯಬೇಡಿ. ವಿಂಡೋಸ್ 11ರ ಆಸೆಗಂತೂ ಇದು ಬೇಡವೇ ಬೇಡ. ಇಂಟೆಲ್‌ನಲ್ಲಿ ಅದು ಅಧಿಕೃತವಾಗಿ ಒಪ್ಪುವುದು 8ನೇ ಜನರೇಷನ್‌ನಿಂದ ಮುಂದಿನವನ್ನು.

ಯಾವುದು ಕೂರುತ್ತದೆ?

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ಬೋರ್ಡಿನ ಮಾಡೆಲ್ ಮತ್ತು ಬಯಾಸ್ (ಆನ್ ಆದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಆವೃತ್ತಿ ಬರೆದಿಟ್ಟುಕೊಳ್ಳಿ. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿಗೆ ಹೊಂದುವ ಪ್ರೊಸೆಸರ್‌ಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಹೆಸರಿಲ್ಲದ್ದನ್ನು ಕೊಳ್ಳಬೇಡಿ. "ಸಾಕೆಟ್ ಒಂದೇ ಐತಿ, ಕೂಡತೈತಿ ತಗೋರಿ" ಎನ್ನುವ ಮಾತಿಗೆ ಮರುಳಾಗಬೇಡಿ. ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. 1151 ಸಾಕೆಟ್ಟನ್ನೇ ನೋಡಿ: 6 ಮತ್ತು 7ನೇ ಜನರೇಷನ್ನಿಗೂ ಅದೇ ಸಂಖ್ಯೆ, 8 ಮತ್ತು 9ಕ್ಕೂ ಅದೇ ಸಂಖ್ಯೆ. ಆದರೆ 6 ಮತ್ತು 7ನೇ ಜನರೇಷನ್ನಿನ ಎಚ್110 ಬೋರ್ಡಿಗೆ 8ನೇ ಜನರೇಷನ್ ಹಾಕಿದರೆ ಡಿಸ್‌ಪ್ಲೇ ಬರುವುದಿಲ್ಲ.

ಎಚ್61ರ 1155 ಸಾಕೆಟ್ಟಿಗೆ ನನ್ನ ಆಯ್ಕೆ ಐ5-3470. ಭಾರದ ವಿಡಿಯೊ ಕೆಲಸ ಇದ್ದರೆ ಮಾತ್ರ ಐ7-3770. ಎರಡೂ 77 ವ್ಯಾಟ್. ಐ5-3350ಪಿ, ಝಿಯಾನ್ ಇ3-1230 ವಿ2 ಅಗ್ಗಕ್ಕೆ ಸಿಕ್ಕರೂ ಅವುಗಳಲ್ಲಿ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಕಪ್ಪು ಪರದೆ ನೋಡುತ್ತ ಕೂರಬೇಕಾಗುತ್ತದೆ. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್ ಮಾಲು. ಬೆಳಗಾವಿಯ ಖಡೇಬಜಾರಿನಲ್ಲಿ ಕೊಂಡರೂ ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಿದರೂ ಕೆಳಮೈಯ ಬಂಗಾರ ಬಣ್ಣದ ಚುಕ್ಕೆಗಳಲ್ಲಿ ಸುಟ್ಟ ಕಪ್ಪು ಕಲೆ ಇಲ್ಲವೆಂದು ನೋಡಿಕೊಂಡೇ ದುಡ್ಡು ಕೊಡಿ.

ಬಿಚ್ಚುವ ಮುನ್ನ ಬಯಾಸ್

2ನೇ ಜನರೇಷನ್ ಕಾಲದ ಬಯಾಸ್ ಇರುವ ಬೋರ್ಡು 3ನೇ ಜನರೇಷನ್ ಪ್ರೊಸೆಸರನ್ನು ಗುರುತಿಸುವುದಿಲ್ಲ. ಹಾಗಾಗಿ ಹಳೆ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮುಗಿಸಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಯಿತು. ಬ್ಯಾಟರಿ ಚಲೋ ಇರುವ ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಹತ್ತು ನಿಮಿಷ ಕಂಪ್ಯೂಟರ್ ನಡೆಸಿ ಬಂದ್ ಮಾಡಿ. ಪ್ರೊಸೆಸರಿಗೂ ಫ್ಯಾನಿನಡಿಯ ಲೋಹಕ್ಕೂ ನಡುವೆ ಹಚ್ಚಿದ್ದ, ಶಾಖ ದಾಟಿಸುವ ಪೇಸ್ಟು ಒಣಗಿದ್ದರೂ ಬಿಸಿಗೆ ಮೆತ್ತಗಾಗುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಧೂಳನ್ನು ಬ್ಲೋವರಿನಿಂದ ಈಗಲೇ ಊದಿಬಿಡಿ. ಊದುವಾಗ ಫ್ಯಾನಿನ ರೆಕ್ಕೆ ಬೆರಳಿನಿಂದ ಹಿಡಿದಿರಿ. ಸಾಕೆಟ್ ತೆರೆದ ಮೇಲೆ ಊದಿದರೆ ಧೂಳು ಪಿನ್ನುಗಳ ನಡುವೆ ಹೋಗಿ ಕೂರುತ್ತದೆ.

ಇನ್ನು ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆಯಿರಿ. ಅರ್ಧ ತಾಸು ಉಳಿಸಲು ಹೋಗಿ ಒಳಗಿಟ್ಟೇ ಮಾಡುವವರು ಕೊನೆಗೆ ಎರಡು ಸಲ ಬಿಚ್ಚುತ್ತಾರೆ. ತೆಗೆಯುವ ಮುನ್ನ ಪವರ್ ಬಟನ್ನಿನ ಸಣ್ಣ ವೈರುಗಳ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡಿರಿ.

ಪ್ರೊಸೆಸರ್ ಬದಲಿಸುವುದು

ಫ್ಯಾನಿನ ನಾಲ್ಕು ಕಾಲುಗಳ ತಲೆಯನ್ನು ಬಾಣದ ಗುರುತಿನ ಕಡೆ ತಿರುಗಿಸಿ ಮೇಲಕ್ಕೆಳೆಯಿರಿ, ಹೀಟ್‌ಸಿಂಕನ್ನು (ಫ್ಯಾನಿನಡಿಯ, ಶಾಖ ಹೀರುವ ಲೋಹದ ತುಂಡು) ಅತ್ತಿತ್ತ ಹೊರಳಿಸಿ ಎತ್ತಿರಿ. ಸಾಕೆಟ್ಟಿನ ಲಿವರ್ ಬಿಚ್ಚಿ ಹಳೆಯದನ್ನು ತೆಗೆದು, ಮೂಲೆಯ ತ್ರಿಕೋನ ಮತ್ತು ಎರಡು ಕಚ್ಚು ಹೊಂದಿಸಿ ಹೊಸದನ್ನು ನೇರ ಇಳಿಸಿ. ಒತ್ತಬಾರದು, ಜರುಗಿಸಬಾರದು. ಕೂದಲಿನಷ್ಟು ಸಣ್ಣ ಪಿನ್ನುಗಳು ಬೋರ್ಡಿನಲ್ಲೇ ಇವೆ, ಬಾಗಿದರೆ ನೆಟ್ಟಗೆ ಮಾಡುವುದು ಕಷ್ಟ. ಲಿವರ್ ಹಾಕುವಾಗ ಬಿಗಿಯಾಗಿ ಕಿರುಗುಟ್ಟುತ್ತದೆ, ಅದು ಸಹಜ.

ಪೇಸ್ಟ್ ಮತ್ತು ನಾಲ್ಕು ಕಾಲು

ಹೀಟ್‌ಸಿಂಕಿನ ತಳದ ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಲೋಹ ಹೊಳೆಯುವವರೆಗೆ ಒರೆಸಿ. ಸೆಕೆಂಡ್ ಹ್ಯಾಂಡ್ ಪ್ರೊಸೆಸರಿನ ಮೇಲ್ಮೈಯನ್ನೂ ಹಾಗೆಯೇ ಒರೆಸಿ. ಅದರ ನಡುವೆ ಜೋಳದ ಕಾಳಿನಷ್ಟು ಹೊಸ ಪೇಸ್ಟ್ ಇಡಿ, ಬೆರಳಿನಿಂದ ಸವರಬೇಡಿ. ಹೆಸರಿಲ್ಲದ ಸಿರಿಂಜಿನ ಬಿಳಿ ಪೇಸ್ಟ್ ಒಂದೇ ಬೇಸಿಗೆಗೆ ಒಣಗಿ ಪುಡಿಯಾಗುತ್ತದೆ. ಆರ್ಕ್ಟಿಕ್ ಎಂಎಕ್ಸ್-4ರಂಥದ್ದು ತನ್ನಿ. ಟೂತ್‌ಪೇಸ್ಟ್ ಹಚ್ಚಿ ಎನ್ನುವ ವಿಡಿಯೊಗಳನ್ನು ಮರೆತುಬಿಡಿ.

ಬಹಳಷ್ಟು ಜನ ಎಡವುವುದು ಇಲ್ಲಿಂದ ಮುಂದೆ. ಪ್ರತಿ ಕಾಲಿನಲ್ಲೂ ಸೀಳಿದ ಬಿಳಿ ಪ್ಲಾಸ್ಟಿಕ್ ಇದೆ, ಅದರೊಳಗೆ ಕಪ್ಪು ಕಡ್ಡಿ ಇದೆ. ಬಿಳಿ ಕಾಲು ರಂಧ್ರದ ಆಚೆ ದಾಟಬೇಕು, ಕಪ್ಪು ಕಡ್ಡಿ ಅದರೊಳಗೆ ಇಳಿದು ಸೀಳನ್ನು ಅಗಲಿಸಬೇಕು. ಆಗಲೇ ಅದು ಕಚ್ಚಿಕೊಳ್ಳುವುದು. ಗಟ್ಟಿ ಮೇಜಿನ ಮೇಲೆ ಬೋರ್ಡಿಟ್ಟು ಒತ್ತಿದರೆ ಕಾಲು ಹೊರಬರಲು ಜಾಗವೇ ಇರುವುದಿಲ್ಲ, ಆದ್ದರಿಂದ ಅಡಿಗೆ ಮೆತ್ತನೆಯ ಫೋಮ್ ಹಾಕಿ. ನಾಲ್ಕೂ ತಲೆಗಳನ್ನು ಬಾಣಕ್ಕೆ ಎದುರು ದಿಕ್ಕಿಗೆ ತಿರುಗಿಸಿ, ಕಪ್ಪು ಕಡ್ಡಿಗಳನ್ನು ಪೂರ್ತಿ ಮೇಲಕ್ಕೆ ಎಳೆದಿಡಿ. ನಾಲ್ಕೂ ಬಿಳಿ ಕಾಲುಗಳು ರಂಧ್ರಕ್ಕೆ ಇಳಿದಿವೆ, ಫ್ಯಾನಿನ ವೈರು ಅಡಿಗೆ ಸಿಕ್ಕಿಲ್ಲ ಎಂದು ನೋಡಿಕೊಂಡು ಎದುರುಬದುರು ಮೂಲೆಯ ಎರಡನ್ನು ಒಟ್ಟಿಗೆ ಒತ್ತಿ. ಟಕ್ಕೆಂದು ಸದ್ದು ಬರಬೇಕು. ಆಮೇಲೆ ಉಳಿದೆರಡು.

ಸದ್ದೊಂದನ್ನೇ ನಂಬಬೇಡಿ. ಬೋರ್ಡ್ ಮಗುಚಿ ಟಾರ್ಚ್ ಹಿಡಿದು ನೋಡಿ. ನಾಲ್ಕೂ ಕಡೆ ಅಗಲಿಸಿದ ಬಿಳಿ ಕಾಲು, ನಡುವೆ ಕಪ್ಪು ತುದಿ, ಎಲ್ಲವೂ ಒಂದೇ ಉದ್ದಕ್ಕೆ ಕಾಣಬೇಕು. ಒಂದು ಕಾಲು ಮಡಚಿಕೊಂಡಿದ್ದರೆ ಫ್ಯಾನ್ ಎತ್ತಿ ಕಾಲು ನೆಟ್ಟಗೆ ಮಾಡಿ, ಪೇಸ್ಟ್ ಪೂರ್ತಿ ಒರೆಸಿ ಹೊಸದಾಗಿ ಇಡಿ. ಒಮ್ಮೆ ಒತ್ತಿದ ಪೇಸ್ಟಿನ ಮೇಲೆ ಮತ್ತೆ ಕೂರಿಸಿದರೆ ನಡುವೆ ಗಾಳಿ ಉಳಿಯುತ್ತದೆ. ಸೀಳಿ ಮುರಿದ ಕಾಲಿಗೆ ಕೇಬಲ್ ಟೈ, ಫೆವಿಕ್ವಿಕ್ ಬೇಡ. ನಾಲ್ಕು ಕಾಲಿನ ಸೆಟ್ ಬೇರೆಯಾಗಿಯೇ ಸಿಗುತ್ತದೆ.

ಒಂದು ಕಾಲು ಸಡಿಲವಿದ್ದರೂ ಕಂಪ್ಯೂಟರ್ ಆನ್ ಆಗುತ್ತದೆ, ವಿಂಡೋಸೂ ಬರುತ್ತದೆ. ಸ್ವಲ್ಪ ಹೊತ್ತಿಗೆ ಫ್ಯಾನ್ ಬೊಬ್ಬೆ ಹೊಡೆಯುತ್ತದೆ, ಕಾದ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಕೊನೆಗೆ ಧಪ್ಪೆಂದು ಬಂದ್. ವೈರಸ್ ಅಂದುಕೊಂಡು ಫಾರ್ಮ್ಯಾಟ್ ಹೊಡೆಸುವವರಿಗೆ ಕಡಿಮೆಯಿಲ್ಲ.

ಆನ್ ಮಾಡುವ ಮುನ್ನ

ಬೋರ್ಡಿನ ಗಡಿಯಾರ ನಡೆಸುವ ಬಿಲ್ಲೆಯಂಥ ಸಿಆರ್2032 ಸೆಲ್ ಹಳೆಯದಾಗಿದ್ದರೆ ಈಗಲೇ ಬದಲಿಸಿ. ತಾರೀಖು ತಪ್ಪಿದರೆ ಸರ್ಕಾರಿ ಪೋರ್ಟಲ್ಲುಗಳೂ ತೆರೆಯುವುದಿಲ್ಲ. ಪ್ರೊಸೆಸರ್ ಪಕ್ಕದ 4 ಪಿನ್ನಿನ ಪವರ್ ವೈರು ಮರೆತರೆ ಫ್ಯಾನ್ ತಿರುಗಿದರೂ ಡಿಸ್‌ಪ್ಲೇ ಇರುವುದಿಲ್ಲ. ಫ್ಯಾನಿನ ವೈರು ಸಿಪಿಯು ಫ್ಯಾನ್ ಎಂದು ಬರೆದಲ್ಲಿಗೇ ಹೋಗಬೇಕು.

ಶಾಖ ಪರೀಕ್ಷೆಯನ್ನು ಮುಂಜಾನೆಯ ತಂಪಿನಲ್ಲಿ ಮಾಡಿ ಸಮಾಧಾನಪಡಬೇಡಿ. ಪ್ರೊಸೆಸರ್ ಎಷ್ಟೇ ತಂಪಾದರೂ ಕೋಣೆಗಿಂತ ಬಿಸಿಯಾಗಿಯೇ ಇರುತ್ತದೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಮಧ್ಯಾಹ್ನ ಹೊರಗೇ 40 ಡಿಗ್ರಿ ಇರುತ್ತದೆ. ಮಧ್ಯಾಹ್ನ ಅರ್ಧ ತಾಸು ಭಾರದ ಕೆಲಸ ಕೊಟ್ಟು ಶಾಖ ತೋರಿಸುವ ಎಚ್‌ಡಬ್ಲ್ಯೂ ಮಾನಿಟರ್ ತಂತ್ರಾಂಶದಲ್ಲಿ ನೋಡಿ. 80 ಡಿಗ್ರಿಯೊಳಗೆ ನಿಂತರೆ ಚಿಂತೆಯಿಲ್ಲ. ದಾಟಿದರೆ ಮತ್ತೆ ಕಾಲುಗಳನ್ನೇ ನೋಡಿ. ಅವು ಸರಿಯಿದ್ದೂ ಕಾದರೆ ಐ3 ಜೊತೆ ಬಂದ ಗಿಡ್ಡ ಅಲ್ಯುಮಿನಿಯಂ ಹೀಟ್‌ಸಿಂಕ್ ಬಿಟ್ಟು, ನಡುವೆ ತಾಮ್ರವಿರುವ ಎತ್ತರದ್ದನ್ನು ಹಾಕಿ.