ಹಿನ್ನೀರಿನಾಚೆ ಮನೆ, ಸಾಗರದಲ್ಲೊಂದು ರೂಮು: ನನ್ನ ಅನುಭವ

‘ಸೇತುವೆ ಆಯ್ತಲ್ಲ, ನಿನ್ನ ಅದೃಷ್ಟ’ ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆ ನಾನು ಬಂದು ಕೂತದ್ದು ಸೇತುವೆ ನಂಬಿಕೊಂಡಲ್ಲ. 2018ರಲ್ಲಿ ಶಂಕುಸ್ಥಾಪನೆ ಆಗಿದ್ದು ಹೌದು, ಆದರೆ ನಾನು ಸಾಮಾನು ಹೇರಿಕೊಂಡು ಬರುವಾಗ ನೀರಿನಲ್ಲಿ ಬರೀ ಕಂಬ ಏಳುತ್ತಿದ್ದವು. ನಾನು ಲೆಕ್ಕ ಹಾಕಿದ್ದೆಲ್ಲ ಜನ, ವಾಹನ ದಾಟಿಸುವ ಲಾಂಚಿನ ಮೇಲೆ. ಆ ಲೆಕ್ಕ ಕೂಡಿಬಂತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಅಪ್ಪೆಮಿಡಿ, ಅಂದರೆ ಕಾಡುಮಾವಿನ ಎಳೆಕಾಯಿ, ಉಪ್ಪಿನಕಾಯಿ ಹಾಕುವ ಕಸುಬು. ಮೊದಲು ಸಾಗರ ಪೇಟೆಯಲ್ಲೇ ಬಾಡಿಗೆ ಮನೆ. ಬಸ್‌ಸ್ಟ್ಯಾಂಡು, ಆಸ್ಪತ್ರೆ, ಕೊರಿಯರ್, ಗ್ಯಾಸು ಎಲ್ಲ ಕಾಲಬುಡದಲ್ಲಿ. ಬಾಡಿಗೆ 9 ಸಾವಿರ ಚಿಲ್ಲರೆ. ಮಿಡಿ ಮಾತ್ರ ಪೇಟೆಗೆ ಬಂದದ್ದನ್ನೇ ಕೊಳ್ಳಬೇಕು. ಎರಡು ದಿನದ ಹಿಂದೆ ಕೊಯ್ದದ್ದು, ನಾಲ್ಕು ಮರದ್ದು ಒಂದೇ ಚೀಲದಲ್ಲಿ, ಅರ್ಧಕ್ಕೆ ತೊಟ್ಟೇ ಇಲ್ಲ. ತೊಟ್ಟು ಹೋದ ಮಿಡಿ ಉಪ್ಪಿನಲ್ಲಿ ಏನಾಗುತ್ತದೆ ಅಂತ ಈ ಕೆಲಸ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ನೂರಕ್ಕೆ ಹದಿನೈದಾದರೂ ಮೆತ್ತಗಾಗಿ ಎಸೆಯುತ್ತಿದ್ದೆ.

ಹಿನ್ನೀರಿನಾಚೆ ಮರಗಳಿವೆ. 1964ರಲ್ಲಿ ಕರೆಂಟಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಕಟ್ಟೆ ಮುಗಿದು ನೀರು ನಿಂತಾಗ ಹೊಳೆಸಾಲಿನ ಮಿಡಿಮರಗಳು ಊರುಗಳ ಜೊತೆ ಮುಳುಗಿದವು. ಮೇಲಿನ ಹಳ್ಳಗಳ ದಂಡೆಯವು ಉಳಿದುಕೊಂಡವು. ತುಮರಿ ಇರುವ ಈ ಕರೂರು–ಬಾರಂಗಿ ಸೀಮೆ ಮ್ಯಾಪಿನಲ್ಲಿ ಪೂರ್ತಿ ದ್ವೀಪವೇನಲ್ಲ, ಹಿಂದುಗಡೆ ಘಟ್ಟ, ಕೊಲ್ಲೂರು–ಭಟ್ಕಳದ ದಾರಿಗಳಿವೆ. ಆದರೆ ಸೇತುವೆ ಆಗುವ ಮೊದಲು ಸಾಗರಕ್ಕೆ ಹೋಗುವವನಿಗೆ ದ್ವೀಪವೇ ಆಗಿತ್ತು. ಸಂಜೆಯ ಕೊನೇ ಲಾಂಚು ತಪ್ಪಿದರೆ ಕೋಗಾರು–ಕಾರ್ಗಲ್ ಸುತ್ತಿ ಎಂಬತ್ತು–ತೊಂಬತ್ತು ಕಿಲೋಮೀಟರು ಆಗುತ್ತಿತ್ತು.

ಪ್ರಶಾಂತತೆ, ಹಕ್ಕಿ, ಮಂಜು ಇವುಗಳ ಬಗ್ಗೆ ಬರೆಯುವುದಿಲ್ಲ. ಅದಕ್ಕೆ ಹೋಂಸ್ಟೇಯವರಿದ್ದಾರೆ.

ನಿರ್ಧಾರ ಮಾಡಿದ್ದು ಹೀಗೆ. ಸಾಗರದಲ್ಲಿರುವಾಗಲೇ ಒಂದು ವರ್ಷ, ಮಳೆಗಾಲ ಬೇಸಿಗೆ ಎರಡೂ ಸೇರಿ, ಮನೆಯಿಂದ ಹೊರಟ ಪ್ರತಿ ಕೆಲಸವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಪಕ್ಕದಲ್ಲಿ ಮೂರು ಕಲಂ: ಇವತ್ತೇ ಆಗಬೇಕಾದ್ದು, ವಾರ ಕಾಯುವಂಥದ್ದು, ಬೇರೆಯವರ ಕೈಲಿ ಮಾಡಿಸಬಹುದಾದ್ದು. ಪೇಟೆ ಬೇಕು ಪೇಟೆ ಬೇಕು ಅಂತ ನಾವು ಬಡಕೊಳ್ಳುವುದರಲ್ಲಿ ಮುಕ್ಕಾಲು ಪಾಲು ವಾರ ಕಾಯುತ್ತದೆ. ಇವತ್ತೇ ಅನ್ನುವ ಕಲಂನಲ್ಲಿ ಕಡೆಗೆ ಉಳಿದದ್ದು ಎರಡು: ಅಮ್ಮನ ಬಿ.ಪಿ.–ಉಬ್ಬಸ, ಮತ್ತು ಪಾರ್ಸೆಲ್ಲು.

ಆ ಎರಡಕ್ಕಾಗಿ ಊರೇ ಬಿಡುವುದು ಬೇಡ, ಆ ಎರಡನ್ನು ಮಾತ್ರ ಸಾಗರದಲ್ಲಿ ಇಟ್ಟರಾಯಿತು ಅಂದುಕೊಂಡೆ. ಮೂರು ಸಾವಿರದ ಒಂದು ರೂಮು ಹಿಡಿದೆ, ಅಕ್ಕನ ಮನೆಯ ಬೀದಿಯಲ್ಲೇ. ಆಚೆ ದಡದಲ್ಲಿ ಹಳೇ ಜಂಬಿಟ್ಟಿಗೆ ಮನೆ, ಬಾಡಿಗೆ ಎರಡು ಸಾವಿರ, ಹೆಂಚು ಕೈಯಾಡಿಸುವುದು ನಮ್ಮದೇ ಖರ್ಚು. ಅಮ್ಮ ಆರಿದ್ರೆ ಮಳೆ ಹಿಡಿಯುವ ಹೊತ್ತಿಗೆ ಅಕ್ಕನಲ್ಲಿಗೆ ಹೋಗಿ ನವರಾತ್ರಿಗೆ ವಾಪಸು ಬರುವುದು. ರಾತ್ರಿ ಏನಾದರೂ ಆದರೆ ಅಂತ ಒಬ್ಬ ಜೀಪಿನವನ ಜೊತೆ ಮೊದಲೇ ಮಾತಾಡಿಟ್ಟಿದ್ದೆ, ಕರೆದರೂ ಕರೆಯದಿದ್ದರೂ ವರ್ಷಕ್ಕಿಷ್ಟು ಅಂತ. ಎಷ್ಟು ಅಂತ ಹೇಳಿದರೆ ಅವನಿಗೆ ಗಿರಾಕಿ ಜಾಸ್ತಿಯಾಗಿ ನನಗೆ ಸಿಗುವುದಿಲ್ಲ.

ಯಾರೂ ಒಪ್ಪಲಿಲ್ಲ. ‘ಹೊಳೆ ದಾಟಿ ಹೋಗಿ ಕೂತರೆ ಮಿಡಿ ಅಲ್ಲ ಮಾರಾಯ, ನೀನೇ ಭರಣಿಯೊಳಗೆ ಕೂರ್ತೆ’ ಅಂದರು ಭಾವ. ಸಾಲ ಕೇಳಿದ ಬ್ಯಾಂಕಿನವರು ವಿಳಾಸ ನೋಡಿಯೇ ‘ಸ್ಥಳ ಪರಿಶೀಲನೆಗೆ ಬರೋದು ಕಷ್ಟ’ ಅಂದರು. ಹೆಂಡತಿಯ ಒಂದು ಜೊತೆ ಬಳೆ ಅಡವಿಟ್ಟು ಡ್ರಮ್ಮು, ಉಪ್ಪು, ಸೀಲಿಂಗ್ ಮಿಷನ್ ತಂದೆ. ಬಳೆ ಬಿಡಿಸಿಕೊಂಡು ಎರಡು ವರ್ಷವಾಯಿತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮೊದಲ ಮಳೆಗಾಲವೇ ಪೆಟ್ಟು ಕೊಟ್ಟಿತು. ಉಪ್ಪಿನ ಡ್ರಮ್ಮುಗಳನ್ನು ಜಗಲಿಯ ಮೂಲೆಗಿಟ್ಟಿದ್ದೆವು. ಆಷಾಢದ ಗಾಳಿಗೆ ಹೆಂಚು ಸರಿದು ಹನಿ ಬಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಮುಚ್ಚಳ ತೆಗೆದರೆ ಮೇಲೆ ಬಿಳಿ ಬೂಷ್ಟು. ಕೈ ಹಾಕಿದರೆ ಮಿಡಿ ಬೆರಳಿನ ಸಂದಿಯಲ್ಲಿ ಜಾರಿ ಓಟೆ ಮಾತ್ರ ಕೈಗೆ ಬರುತ್ತಿತ್ತು. ಎರಡು ಡ್ರಮ್ಮು, ಹತ್ತಿರ ಹತ್ತಿರ ಆರು ಸಾವಿರ ಮಿಡಿ ತೋಟದ ಗುಂಡಿಗೆ ಹೋಯಿತು. ಮಿಡಿಯದ್ದೇ 15 ಸಾವಿರ, ತಪ್ಪಿದ ಆರ್ಡರಿನದು ಬೇರೆ. ಆಮೇಲೆ ಡ್ರಮ್ಮೆಲ್ಲ ಬಚ್ಚಲೊಲೆಯ ಗೋಡೆಯಾಚೆಯ ಕೋಣೆಗೆ ಬಂದವು. ಅಡಿಕೆಯವರ ಹಳೇ ದಾಸ್ತಾನು ಕೋಣೆ ಅದು, ದಿನಾ ಒಲೆ ಉರಿಯುವುದರಿಂದ ಗೋಡೆ ಬೆಚ್ಚಗೇ ಇರುತ್ತದೆ. ಇನ್ನೂ ಒಂದು ಕೆಲಸ ಮಾಡುತ್ತೇನೆ, ತೊಟ್ಟಿನ ಸೊನೆ ಆರುವ ಮೊದಲು. ಅದು ಮನೆಯೊಳಗಿನ ಮಾತು, ಇಲ್ಲಿ ಬೇಡ.

ಕರೆಂಟಿನದು ಗೊತ್ತೇ ಇದೆ. ಕರೆಂಟಿಗಾಗಿ ಮುಳುಗಿದ ನಾಡಿನಲ್ಲಿ ಮರ ಬಿದ್ದರೆ ಮೂರು ದಿನ ಕತ್ತಲೆ. ಸಾಸಿವೆ ಬೀಸುವುದು, ಸೀಲ್ ಹಾಕುವುದು ಎರಡನ್ನೂ ಸಾಗರದ ರೂಮಿಗೆ ಸಾಗಿಸಿದ್ದು ಅದಕ್ಕೇ. ಅಲ್ಲಿ ಮಳೆಯೂ ಕಡಿಮೆ, ಪೌಚು ಬೆವರುವುದಿಲ್ಲ. ಫೋನಿನ ಸಿಗ್ನಲ್ಲಿಗೆ ಅಂಗಳದಾಚೆಯ ಧರೆ, ಅಂದರೆ ಮಣ್ಣಿನ ದಿಬ್ಬ, ಹತ್ತಬೇಕಿತ್ತು. ಬೆಳಿಗ್ಗೆ ಒಮ್ಮೆ ಹತ್ತಿ ಆರ್ಡರೆಲ್ಲ ನೋಡಿ ಅಕ್ಕನ ಮಗನಿಗೆ ಮೆಸೇಜು ಹಾಕಿ ಇಳಿದರೆ ಆ ದಿನದ ವ್ಯಾಪಾರ ಮುಗಿಯಿತು. ಆಂಟೆನಾ ಕಟ್ಟಿ ನೋಡಿದೆ, ನಾಲ್ಕು ಸಾವಿರ ದಂಡ. ಮುಸಿಯ (ಕಪ್ಪು ಮೋರೆಯ ಕೋತಿ) ಜೋತಾಡಿ ಕೇಬಲ್ಲು ಕಿತ್ತಿತು.

ನಡುವೆ ವಾಟೆಹುಳಿಗೂ, ಅಂದರೆ ಸಾರಿಗೆ ಹುಳಿಯಾಗಿ ಹಾಕುವ ಒಣ ವಾಟೆಕಾಯಿಗೂ, ಕೈ ಹಾಕಿದ್ದೆ. ಪ್ಲಾಸ್ಟಿಕ್ ಹೊದೆಸಿದ ಬಿಸಿಲುಗೂಡು ಮಾಡಿ ಒಣಗಿಸಿದೆ, ಬಣ್ಣ ಚೆನ್ನಾಗೇ ಬಂತು. ಕೊಳ್ಳುವವರು ಕಪ್ಪಗಿರುವುದೇ ಅಸಲಿ ಅಂದರು! ಉಳಿದದ್ದನ್ನು ನಾವೇ ಎರಡು ವರ್ಷ ಸಾರಿಗೆ ಹಾಕಿಕೊಂಡೆವು. ಮುರುಗಲು (ಪುನರ್ಪುಳಿ) ಶರಬತ್ತು ಪರವಾಗಿಲ್ಲ, ಸಕ್ಕರೆ ರೇಟು ನೋಡಿ ಮಾಡಬೇಕು.

ಇಡೀ ಏರ್ಪಾಡು ನಿಂತುಕೊಳ್ಳುತ್ತೋ ಇಲ್ಲವೋ ಗೊತ್ತಾದದ್ದು 2023ರ ಜೂನಿನಲ್ಲಿ. ಮಳೆ ತಡವಾಯಿತು, ಹಿನ್ನೀರು ಇಳಿಯಿತು, ಲಾಂಚಿಗೆ ವಾಹನ ಹತ್ತಿಸುವುದು ನಿಂತಿತು. ಜನ ಮಾತ್ರ ದಾಟುತ್ತಿದ್ದರು. ಪಿಕಪ್ ನಂಬಿದವರ ಮಾಲೆಲ್ಲ ಆಚೆ ದಡದಲ್ಲೇ. ನನ್ನ ರೂಮಿನಲ್ಲಿ ಮೂರು ವಾರಕ್ಕಾಗುವಷ್ಟು ಮಾಲು ಮೊದಲೇ ಕೂತಿತ್ತು. ನೀರಿನ ಅಂಚು ಕೆಳಕ್ಕೆ ಸರಿಯುವುದನ್ನು ಏಪ್ರಿಲ್ಲಿನಿಂದ ನೋಡುತ್ತಿದ್ದವನು ನಾನು. ಕಡಿಮೆ ಬಿದ್ದದ್ದನ್ನು ಹತ್ತು ಕೆ.ಜಿ. ಕ್ಯಾನಿಗೆ ತುಂಬಿ ಕೈಯಲ್ಲೇ ಹಿಡಿದು ದಾಟಿದೆವು, ಸಾಗರದ ಕಡೆಯ ದಡ ಅಂಬಾರಗೋಡ್ಲುವಿನಿಂದ ಆಟೋ. ಒಂದು ಪಾರ್ಸೆಲ್ಲೂ ತಪ್ಪಲಿಲ್ಲ. ಭಾವ ಆ ಸಲ ತಾವಾಗೇ ಬಂದು ಎರಡು ಡಬ್ಬ ಹೊತ್ತರು, ಭರಣಿಯ ಮಾತು ಎತ್ತಲಿಲ್ಲ.

ದುಡ್ಡಿನ ವಿಷಯ, ನೆನಪಿನ ಮೇಲೆ ಹೇಳುವುದಾದರೆ: ಎರಡು ಬಾಡಿಗೆ ಸೇರಿ ಐದು ಸಾವಿರ, ಓಡಾಟಕ್ಕೆ ತಿಂಗಳಿಗೆ ಒಂದೂವರೆ ಸಾವಿರ. ಸಾಗರದ ಒಂದೇ ಮನೆಗಿಂತ ಎರಡೂವರೆ ಸಾವಿರ ಕಡಿಮೆ. ಜೀಪಿನವನದ್ದು ಕಳೆದರೆ ಇನ್ನೂ ಸ್ವಲ್ಪ ಕಡಿಮೆ ಉಳಿತಾಯ. ಅದು ದೊಡ್ಡದಲ್ಲ. ಪೇಟೆಯಲ್ಲಿ ನೂರು ಮಿಡಿಗೆ 400 ಕೊಡುತ್ತಿದ್ದವನಿಗೆ ಮರದ ಬುಡದಲ್ಲಿ 250ಕ್ಕೆ ಸಿಕ್ಕಿತು. ಬೆಳಿಗ್ಗೆ ಕೊಯ್ದದ್ದು ಸಂಜೆಗೆ ಉಪ್ಪಿನಲ್ಲಿ. ವರ್ಷಕ್ಕೆ ಮೂವತ್ತು ಸಾವಿರ ಮಿಡಿ ಹಿಡಿದರೆ ಅಲ್ಲೇ 45 ಸಾವಿರ ಉಳಿಯಿತು. ಎಸೆಯುವುದು ನೂರಕ್ಕೆ ನಾಲ್ಕೈದಕ್ಕೆ ಇಳಿದದ್ದು ಬೇರೆ. ಜೀರಿಗೆ ವಾಸನೆಯ ಆ ಒಂದು ಮರ ಯಾವ ಹಳ್ಳದ್ದು ಅಂತ ಕೇಳಬೇಡಿ.

2025ರ ಜುಲೈ 14ಕ್ಕೆ ಸೇತುವೆ ತೆರೆಯಿತು, 2.44 ಕಿಲೋಮೀಟರು. ಲಾಂಚಿಗೆ ಕಾಯುವ ಹೊತ್ತಿನಲ್ಲಿ ಈಗ ಸಾಗರದ ಅರ್ಧ ದಾರಿ ಮುಗಿದಿರುತ್ತದೆ. ಅಮ್ಮ ಈ ಮಳೆಗಾಲ ಇಲ್ಲೇ ಇರುತ್ತೇನೆ ಅಂತ ಹಟ ಹಿಡಿದು ಇದ್ದರು. ಶನಿವಾರ ಭಾನುವಾರ ಸಿಗಂದೂರು ದೇವಸ್ಥಾನಕ್ಕೆ ಹೋಗುವ ಕಾರುಗಳ ಸಾಲು, ಜಾಗದ ರೇಟು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮನೆಯ ಯಜಮಾನರು ಬಾಡಿಗೆಯ ಮಾತು ತೆಗೆದಿದ್ದಾರೆ. ರೂಮು ಬಿಟ್ಟುಬಿಡು ಅಂತ ಅದೇ ಭಾವ ಹೇಳುತ್ತಿದ್ದಾರೆ. ಬಿಡುವುದಿಲ್ಲ. ಸೇತುವೆ ಬಂದರೆ ಕರೆಂಟು ಬಂದ ಹಾಗಲ್ಲ, ಸೀಲಿಂಗ್ ಮಿಷನ್ ಅಲ್ಲೇ ಇರಲಿ.

ಇಲ್ಲಿ ಮನೆ ನೋಡಿಕೊಡಿ ಅಂತ ಫೋನು ಮಾಡುವವರು ಜಾಸ್ತಿಯಾಗಿದ್ದಾರೆ. ಬರುವುದೆಲ್ಲ ಡಿಸೆಂಬರಿನಲ್ಲಿ, ಹಿನ್ನೀರಿನ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಆಷಾಢದಲ್ಲಿ ಬಂದು ಒಂದು ವಾರ ಇರಿ, ಬರುವಾಗ ನಿಮ್ಮ ಮೂರು ಕಲಮ್ಮಿನ ನೋಟ್‌ಬುಕ್ಕು ತನ್ನಿ ಅನ್ನುತ್ತೇನೆ. ಇಲ್ಲಿಯವರೆಗೆ ಒಬ್ಬರು ಬಂದಿದ್ದಾರೆ. ಅವರ ‘ಇವತ್ತೇ’ ಕಲಂನಲ್ಲಿ ಡಯಾಲಿಸಿಸ್ ಇತ್ತು. ಸಾಗರದಲ್ಲೇ ಇರಿ ಅಂದೆ, ಮಿಡಿ ನಾನೇ ಕಳಿಸುತ್ತೇನೆ.